ನಾಯಿ ಹಗುರವಾದರೂ ಹಿಮದಲ್ಲಿ ತೇಲುವುದಿಲ್ಲ

ಅಮೆರಿಕದ ಕೊಲರಾಡೊ, ಮೊಂಟಾನಾ ಬೆಟ್ಟಗಳಲ್ಲಿ ಸ್ಕೀ ಕಟ್ಟಿಕೊಂಡು ಹೊರಟವರ ಹಿಂದೆ ಸಾಕುನಾಯಿಯೂ ಓಡುವುದು ಮಾಮೂಲು. ಹಿಮ ಕುಸಿದರೂ ನಾಯಿ ಹಗುರ, ಮೇಲೆಯೇ ತೇಲುತ್ತದೆ ಎಂಬ ನಂಬಿಕೆ ಮಾತ್ರ ಶುದ್ಧ ತಪ್ಪು.

ಖಾರಾ ಮಿಕ್ಸ್ಚರ್ ಡಬ್ಬವನ್ನು ಅಲುಗಾಡಿಸಿ ನೋಡಿ. ಕಡಲೆಬೀಜ ಮೇಲೆ ಬರುತ್ತದೆ, ಪುಡಿ ತಳ ಸೇರುತ್ತದೆ. ಕಡಲೆಬೀಜ ಹಗುರವೆಂದಲ್ಲ. ಅಲುಗಿದಾಗ ತೆರೆಯುವ ಸಂದುಗಳಲ್ಲಿ ಚಿಕ್ಕವು ನುಸುಳಿ ಇಳಿಯುತ್ತವೆ, ದೊಡ್ಡದಕ್ಕೆ ಇಳಿಯಲು ಜಾಗವೇ ಸಿಗದು. ಮರಳು ಬೆರೆತ ಜಲ್ಲಿಯನ್ನು ಬಾಣಲಿಯಲ್ಲಿ ಕುಲುಕಿದರೂ ಇದೇ ಕಥೆ. ಕುಸಿಯುವ ಹಿಮ ನೀರಿನ ಹೊಳೆಯಲ್ಲ, ಹೆಂಟೆಗಳ ಹೊಳೆ. ಅದರಲ್ಲಿ ತೂಕಕ್ಕಿಂತ ಗಾತ್ರವೇ ಮುಖ್ಯ. ಸ್ಕೀಯರ್ ಬೆನ್ನಿನ ಏರ್‌ಬ್ಯಾಗ್ 150 ಲೀಟರಿನಷ್ಟು ಉಬ್ಬುವುದು ಅವನನ್ನು ಹೊಳೆಯ 'ದೊಡ್ಡ ಕಾಳು' ಮಾಡಲಿಕ್ಕೆ. ಹದಿನೈದು ಕಿಲೋ ನಾಯಿ ಪುಡಿಯ ಪಾಲಿಗೇ ಹತ್ತಿರ.

ನಿಂತ ಹಿಮ ಬೇಗನೆ ಬಿಗಿಯುತ್ತದೆ. ಪಾಕ ತಟ್ಟೆಗೆ ಸುರಿದ ಮೇಲೆ ಬರ್ಫಿ ಹಿಡಿದುಕೊಳ್ಳುವಂತೆ, ಉಜ್ಜಿ ನುಣುಪಾದ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೈಯಿಂದ ಬಗೆಯಲಾಗದು, ಲೋಹದ ಸಲಿಕೆ ಬೇಕೇ ಬೇಕು. ಒಳಗೆ ಕೊಲ್ಲುವುದು ಹೆಚ್ಚಾಗಿ ಚಳಿಯಲ್ಲ, ಉಸಿರು: ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬೇಕು, ಉಸಿರಿನ ತೇವ ಮೂಗಿನ ಮುಂದೆ ಮಂಜುಗಡ್ಡೆಯ ಪೊರೆಯಾಗುತ್ತದೆ. ಮನುಷ್ಯರ ಲೆಕ್ಕದಲ್ಲಿ ಮೊದಲ 10–15 ನಿಮಿಷದೊಳಗೆ ತೆಗೆದವರಲ್ಲಿ ಬಹುಪಾಲು ಬದುಕುತ್ತಾರೆ. 35 ನಿಮಿಷಕ್ಕೆ ಅದು ಮೂರರಲ್ಲೊಬ್ಬರಿಗೆ ಇಳಿಯುತ್ತದೆ.

ಹಾಗಾದರೆ ಹೂತವರನ್ನು ಹುಡುಕಲು ಸ್ಕೀಯರ್‌ಗಳು ಮೈಗೆ ಕಟ್ಟಿಕೊಳ್ಳುವ ರೇಡಿಯೊ ಸಾಧನ, ಬೀಕನ್, ನಾಯಿಗೂ ಕಟ್ಟೋಣವೇ? ದಯವಿಟ್ಟು ಬೇಡ. ಎಲ್ಲರ ಬೀಕನ್ನೂ ಕೂಗುವುದು 457 ಕಿಲೋಹರ್ಟ್ಸ್‌ನಲ್ಲೇ. ಹುಡುಕುವವರ ಪರದೆ ಬಾಣ ಮತ್ತು ದೂರ ತೋರಿಸುತ್ತದೆ, ಕೆಳಗಿರುವುದು ನಾಯಿಯೋ ಮನುಷ್ಯನೋ ಹೇಳುವುದಿಲ್ಲ. ಹತ್ತಿರದ ಸದ್ದು ನಾಯಿಯದಾದರೆ ಮೊದಲು ಅದನ್ನೇ ಅಗೆಯುತ್ತಾರೆ, ಅಷ್ಟರಲ್ಲಿ ಇನ್ನೊಬ್ಬರ ಉಸಿರು ಮುಗಿದಿರುತ್ತದೆ. ಪೀಪ್ಸ್ ಕಂಪನಿ 456 ಕಿಲೋಹರ್ಟ್ಸ್‌ನ ಪುಟ್ಟ ಟ್ರಾನ್ಸ್‌ಮಿಟರನ್ನು ಇದಕ್ಕೆಂದೇ ತಂದಿತ್ತು. ಅದನ್ನು ಹುಡುಕಲು ಆ ಕಂಪನಿಯ ಕೆಲವು ಬೀಕನ್‌ಗಳೇ ಬೇಕು.

ಆದ್ದರಿಂದ ನಾಯಿಯನ್ನು ಕಣ್ಣಿಂದಲೇ ಹುಡುಕಬೇಕು. ಮೇಲೆ ಇನ್ನೂ ಕುಸಿಯಬಲ್ಲ ಹಿಮವಿದೆಯೇ ನೋಡಿ. ಜನ ಹೂತಿದ್ದರೆ ಮೊದಲು ಅವರು. ನಾಯಿ ಕೊನೆಗೆ ಕಂಡ ಜಾಗದಿಂದ ಹರಿವಿನ ದಾರಿಯಲ್ಲೇ ಇಳಿಯಿರಿ. ತಿರುವುಗಳಲ್ಲಿ, ಮರ–ಬಂಡೆಗಳ ಮೇಲ್ಬದಿಯಲ್ಲಿ ಹಿಮ ಗುಡ್ಡೆ ಬಿದ್ದಿರುತ್ತದೆ. ಹಗ್ಗದ ತುದಿ, ಬಾಲದ ಕೂದಲು ಕಂಡೀತು. ಆಗಾಗ ಎಲ್ಲರೂ ಸುಮ್ಮನಾಗಿ ಕಿವಿಗೊಡಿ. ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಪ್ರೋಬ್ ಕೋಲನ್ನು ಇಳಿಜಾರಿಗೆ ನೇರ ಲಂಬವಾಗಿ, 25 ಸೆಂಟಿಮೀಟರ್ ಅಂತರದಲ್ಲಿ, ಸುರುಳಿಯಾಗಿ ಚುಚ್ಚುತ್ತ ಹೋಗಿ. ನೆಲ ಠಣ್ಣೆಂದು ತಡೆಯುತ್ತದೆ, ಮೈ ಸ್ವಲ್ಪ ಬಳುಕುತ್ತದೆ. ತಾಗಿದ ಕೋಲನ್ನು ಕೀಳಬೇಡಿ.

ಮೇಲೆ ನಿಂತು ನೇರ ಕೆಳಗೆ ಅಗೆದರೆ ನಿಮ್ಮ ಭಾರಕ್ಕೇ ಒಳಗಿನ ಗಾಳಿಯ ಪೊಟರೆ ಕುಸಿದೀತು. ಒಂದು ಮೀಟರ್ ಆಳವಿದ್ದರೆ ಕೋಲಿನಿಂದ ಇಳಿಜಾರಿನಲ್ಲಿ ಒಂದೂವರೆ ಮೀಟರ್ ಕೆಳಬದಿಗೆ ನಿಂತು, ಗಡ್ಡೆಗಳಾಗಿ ಕತ್ತರಿಸಿ, ಹಿಂದಕ್ಕೆ ತಳ್ಳಿ. ಎತ್ತಿ ಎಸೆದರೆ ತೋಳು ಬೇಗ ಸೋಲುತ್ತದೆ.

ಮೊದಲು ಬಾಯಿ, ಮೂಗಿನ ಹಿಮ ತೆಗೆಯಿರಿ. ಪ್ರಜ್ಞೆಯೂ ಉಸಿರೂ ಇಲ್ಲದಿದ್ದರೆ ಎದೆಯನ್ನು ನಿಮಿಷಕ್ಕೆ 100–120ರ ವೇಗದಲ್ಲಿ 30 ಸಲ ಒತ್ತಿ, ಬಾಯಿ ಮುಚ್ಚಿ ಹಿಡಿದು ಮೂಗಿನಿಂದ ಎರಡು ಸಲ ಊದಿ, ಮುಂದುವರಿಸಿ. ಮೈ ಒರೆಸಿ, ಸುತ್ತಿ ಬೆಚ್ಚಗಿಡಿ, ಕಾಲು ಉಜ್ಜಬೇಡಿ.

ಬ್ರಾಂದಿಯ ಚಿಕ್ಕ ಪೀಪಾಯಿ ಕಟ್ಟಿಕೊಂಡ ಸೇಂಟ್ ಬರ್ನಾರ್ಡ್ ನಾಯಿಯ ಚಿತ್ರ ಎಲ್ಲರ ಕಣ್ಣಲ್ಲೂ ಇದೆ. ಅದು 1820ರಲ್ಲಿ ಎಡ್ವಿನ್ ಲ್ಯಾಂಡ್ಸೀರ್ ಬರೆದ ಚಿತ್ರದಿಂದ ಹಬ್ಬಿದ್ದು. ಆಲ್ಪ್ಸ್ ಘಾಟಿಯ ಸೇಂಟ್ ಬರ್ನಾರ್ಡ್ ಮಠದ ನಾಯಿಗಳ ಪೈಕಿ ಹೆಸರಾಂತ ಬ್ಯಾರಿ ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆನ್ನುತ್ತಾರೆ, ಪೀಪಾಯಿ ಇಲ್ಲದೆಯೇ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಕಾವನ್ನು ಹೊರಗೆ ಚೆಲ್ಲುತ್ತದೆ. ನಾಯಿಗೂ ಬೇಡ, ಮನುಷ್ಯನಿಗೂ ಬೇಡ.

ನಾಯಿ ಸಿಗದಿದ್ದರೆ ನೀವು ತಂಗಿದ್ದ ಜಾಗದವರಿಗೆ ಹೇಳಿಟ್ಟೇ ಹೊರಡಿ. 2011ರ ಕೊನೆಯ ದಿನ ಮೊಂಟಾನಾದ ಕುಕ್ ಸಿಟಿ ಬಳಿ ಒಡೆಯನನ್ನು ಬಲಿತೆಗೆದುಕೊಂಡ ಕುಸಿತದಲ್ಲಿ ಸತ್ತಿತೆಂದುಕೊಂಡಿದ್ದ ಕಾರ್ಗಿ ನಾಯಿ, ನಾಲ್ಕು ದಿನದ ಮೇಲೆ ಒಡೆಯ ತಂಗಿದ್ದ ಮೋಟೆಲಿಗೆ ತಾನಾಗಿ ಬಂದು ನಿಂತಿತ್ತು.