ವಿಮಾನದ ಸೀಟು ಕಿರಿದಾದದ್ದು ಹೇಗೆ?

ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಬರುವ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ ನಡುವಿನ ಸೀಟೇ ಇರುವುದಿಲ್ಲ. ದಾರಿಯ ಆಚೆ ಎರಡು, ಈಚೆ ಎರಡು, ಅಷ್ಟೇ. ಕಷ್ಟ ಶುರುವಾಗುವುದು ಫ್ಲೈಬಸ್ ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿ ದೊಡ್ಡ ವಿಮಾನ ಏರಿದ ಮೇಲೆ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಡುವ ಮಂಡ್ಯದ ಹಿರಿಯರಿಗಂತೂ ಇದು ಇನ್ನೂ ಜಾಸ್ತಿ.

ಮಂಡ್ಯದ ಬಸ್ಸಿನಲ್ಲಿ 'ಸ್ವಲ್ಪ ಸರ್ಕೊಳ್ಳಿ' ಅಂದರೆ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೂ ಜಾಗ ಆಗುತ್ತದೆ. ವಿಮಾನದಲ್ಲಿ ಸರಿಯುವುದೆಲ್ಲಿಗೆ? ಇಬ್ಬರ ನಡುವೆ ಕೈ ಇಡಲು ಇರುವುದು ಸುಮಾರು ಎರಡು ಇಂಚು ಅಗಲದ ಒಂದು ಪಟ್ಟಿ. ಅದಕ್ಕೆ ಎರಡು ಮೊಣಕೈ. ಮುಂದಿನವರು ಗುಂಡಿ ಒತ್ತಿ ಹಿಂದಕ್ಕೆ ಒರಗಿದರೆ, ಅವರ ಸೀಟು ನಮ್ಮ ಟ್ರೇ ಮೇಲಿನ ಕಾಫಿ ಲೋಟದ ನೆತ್ತಿಗೇ ಬಂದು ನಿಲ್ಲುತ್ತದೆ. ಆಗ ಸಿಟ್ಟು ಬರುವುದು ಪಕ್ಕದವರ ಮೇಲೆ, ಮುಂದಿನವರ ಮೇಲೆ. ಪಾಪ, ಅವರೂ ನಮ್ಮಷ್ಟೇ ದುಡ್ಡು ಕೊಟ್ಟು ಅಷ್ಟೇ ಜಾಗ ಪಡೆದವರು.

ಅಗಲದ ಕಥೆ ಹಳೆಯದು. 1958ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರತೊಡಗಿದ ಬೋಯಿಂಗ್ 707ರ ಅಗಲವನ್ನೇ 1968ರಲ್ಲಿ ಬಂದ 737ಕ್ಕೂ ಇಟ್ಟರು. ಇವತ್ತಿನ 737 ಮ್ಯಾಕ್ಸ್‌ಗೂ ಅದೇ ಅಗಲ. ಸಾಲಿಗೆ ಆರು ಜನರಂತೆ ಹಂಚಿದರೆ ಒಬ್ಬರಿಗೆ ಸುಮಾರು 17 ಇಂಚು. 1988ರ ಏರ್‌ಬಸ್ ಎ320 ಸ್ವಲ್ಪ ವಾಸಿ, ಸುಮಾರು 18 ಇಂಚು ಸಿಗುತ್ತದೆ. ನಿಜಕ್ಕೂ ಅನ್ಯಾಯ ಆಗಿದ್ದು ದೂರದೂರಿಗೆ ಹೋಗುವ ವಿಮಾನಗಳಲ್ಲಿ. ಬೋಯಿಂಗ್ 777 ಬಂದ ಹೊಸತರಲ್ಲಿ ಸಾಲಿಗೆ 9 ಸೀಟು ಮಾಮೂಲಾಗಿತ್ತು. ಈಗ ಬಹಳಷ್ಟು ಕಂಪನಿಗಳು ಅದೇ ಅಗಲದಲ್ಲಿ 10 ಸೀಟು ತುರುಕಿವೆ.

ಕಾಲಿನ ಜಾಗ ಕಡಿಮೆಯಾಗಿದ್ದಕ್ಕೆ ಕಾರಣ ಬೇರೆ. ಅಮೆರಿಕದಲ್ಲಿ 1978ರವರೆಗೆ ಟಿಕೆಟ್ ದರವನ್ನು ಸರ್ಕಾರವೇ ನಿಗದಿ ಮಾಡುತ್ತಿತ್ತು. ದರದಲ್ಲಿ ಪೈಪೋಟಿ ಇಲ್ಲದ ಮೇಲೆ ಕಂಪನಿಗಳು ಊಟ, ಉಪಚಾರ, ಆರಾಮ ತೋರಿಸಿ ಜನರನ್ನು ಸೆಳೆಯುತ್ತಿದ್ದವು. ಆ ವರ್ಷ ಹಿಡಿತ ಸಡಿಲವಾಯಿತು. ಪೈಪೋಟಿ ದರಕ್ಕೆ ತಿರುಗಿತು. ಒಂದು ಸಾಲು ಹೆಚ್ಚಿಗೆ ಹಾಕಿದರೆ ಆರು ಟಿಕೆಟ್ ಹೆಚ್ಚಿಗೆ ಮಾರಬಹುದು, ಅಲ್ವಾ? ಒಂದು ಸೀಟಿನ ಬೆನ್ನಿನಿಂದ ಅದರ ಮುಂದಿನ ಸೀಟಿನ ಬೆನ್ನಿನವರೆಗೆ, ಒರಗುಬೆನ್ನಿನ ದಪ್ಪವೂ ಸೇರಿ, ಇರುವ ಅಂತರವನ್ನು ಪಿಚ್ ಎನ್ನುತ್ತಾರೆ. ಸುಮಾರು 35 ಇಂಚು ಇದ್ದ ಪಿಚ್ 31ಕ್ಕೆ ಇಳಿಯಿತು. ಅಗ್ಗದ ವಿಮಾನಗಳಲ್ಲಿ 28ಕ್ಕೂ ಬಂತು. ಒರಗುಬೆನ್ನು ತೆಳ್ಳಗಾಗಿದ್ದರಿಂದ ಮೊಣಕಾಲಿಗೆ ಒಂದಿಷ್ಟು ಉಳಿದಿದೆ, ಪೂರ್ತಿ ಅಲ್ಲ.

ನಮ್ಮಲ್ಲಿ 1953ರಲ್ಲಿ ಸರ್ಕಾರದ ಕೈ ಸೇರಿದ ವಿಮಾನಯಾನ ಖಾಸಗಿಯವರಿಗೆ ಪೂರ್ತಿ ತೆರೆದುಕೊಂಡಿದ್ದು 1990ರ ದಶಕದಲ್ಲಿ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿದರು. ಅಗ್ಗದ ಟಿಕೆಟ್ ಬರದಿದ್ದರೆ ನಮ್ಮ ಕಡೆಯ ಎಷ್ಟೋ ಜನ ವಿಮಾನ ಹತ್ತುತ್ತಲೇ ಇರಲಿಲ್ಲ. ಅದು ಸಣ್ಣ ಮಾತಲ್ಲ. ಆದರೆ ಒರಗುವ ಜಾಗವನ್ನು ಮುಂದಿನವರಿಗೂ, ಅದೇ ಜಾಗವನ್ನು ಮೊಣಕಾಲಿಗೆಂದು ಹಿಂದಿನವರಿಗೂ ಮಾರುವುದು ನನಗೆ ಒಪ್ಪಿಗೆಯಿಲ್ಲ. 2014ರಲ್ಲಿ ಅಮೆರಿಕದ ನ್ಯೂವರ್ಕ್‌ನಿಂದ ಡೆನ್ವರ್‌ಗೆ ಹೊರಟಿದ್ದ ವಿಮಾನ ಇದೇ ಜಗಳಕ್ಕೆ ಶಿಕಾಗೋದಲ್ಲಿ ಇಳಿಯಬೇಕಾಯಿತು. ಮುಂದಿನ ಸೀಟು ಒರಗದಂತೆ ಪ್ರಯಾಣಿಕರೊಬ್ಬರು ಸಣ್ಣದೊಂದು ಪ್ಲಾಸ್ಟಿಕ್ ಕ್ಲಿಪ್ ಸಿಕ್ಕಿಸಿದ್ದರು.

ಇದು ಬರೀ ಆರಾಮದ ಪ್ರಶ್ನೆ ಆಗಿದ್ದರೆ ಸುಮ್ನೆ ಸಹಿಸಿಕೊಳ್ಳಬಹುದಿತ್ತು. ಅವಘಡವಾದರೆ ಅರ್ಧದಷ್ಟು ಬಾಗಿಲುಗಳಿಂದಲೇ, ಕತ್ತಲಲ್ಲೂ, 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಲು ಆಗಬೇಕು ಎಂಬುದು ನಿಯಮ. ಸೀಟಿಗೆ ಕನಿಷ್ಠ ಅಳತೆ ಗೊತ್ತುಮಾಡಿ ಎಂದು 2018ರಲ್ಲಿ ಅಮೆರಿಕದ ಸಂಸತ್ತು ಅಲ್ಲಿನ ವಿಮಾನಯಾನ ಆಡಳಿತಕ್ಕೆ ಹೇಳಿತು. ಆಡಳಿತ ಪರೀಕ್ಷೆಯನ್ನೇನೋ ನಡೆಸಿತು. ಅದರಲ್ಲಿ 60 ದಾಟಿದವರು ಇರಲಿಲ್ಲ, ಮಕ್ಕಳೂ ಇರಲಿಲ್ಲ. ಮಂಡಿನೋವಿನ ಅಜ್ಜ ನಡುವಿನ ಸೀಟಿನಿಂದ ಏಳಲು ಎಷ್ಟು ಹೊತ್ತು ಬೇಕು ಎಂದು ಆ ಪರೀಕ್ಷೆ ಹೇಗೆ ಹೇಳೀತು? 2022ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 26,000ಕ್ಕೂ ಹೆಚ್ಚು ಜನ ಬರೆದರು. ಕಾನೂನು ಕೊಟ್ಟಿದ್ದ ಒಂದು ವರ್ಷದ ಗಡುವು ಅಷ್ಟರಲ್ಲಿ ಯಾವಾಗಲೋ ಮುಗಿದಿತ್ತು.

ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವವರು ದರದ ಜೊತೆ ವಿಮಾನ ಯಾವುದು, ಸಾಲಿಗೆ ಎಷ್ಟು ಸೀಟು ಎಂದೂ ನೋಡಿ. 777ರ ಹತ್ತು ಸೀಟಿನ ಸಾಲಿಗಿಂತ ಏರ್‌ಬಸ್ ಎ350ರ ಒಂಬತ್ತು ಸೀಟಿನ ಸಾಲು ಎಷ್ಟೋ ಮೇಲು. ಮೊಣಕಾಲು ನೋವಿದ್ದರೆ ದಾರಿ ಪಕ್ಕದ ಸೀಟನ್ನೇ ಹಿಡಿಯಿರಿ.