ಖಾಲಿ ಮಾಡುವುದು ಬೇರೆ, ಬಿಟ್ಟುಕೊಡುವುದು ಬೇರೆ

ನಾನು ಹಳೆಯ ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ಎಂಜಿನಿಯರ್. ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಮಳೆಗಾಲಕ್ಕೆ ಮುಂಚೆ ಮುಂಬಯಿ ಮಹಾನಗರಪಾಲಿಕೆ ಒಂದು ಕಡೆ, ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ದುರಸ್ತಿ ಮಂಡಳಿ ಇನ್ನೊಂದು ಕಡೆ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತವೆ. ಅದರಲ್ಲಿ ನಮ್ಮ ಊರ ಕಡೆಯವರ ಬಿಲ್ಡಿಂಗು ಇದ್ದರೆ ಯಾರೋ ಒಬ್ಬರು ಅವರಿಗೆ ನನ್ನ ನಂಬರು ಕೊಟ್ಟಿರುತ್ತಾರೆ. ಗಿರಗಾಂವದಿಂದ ಬರಲಿ, ಕಾಳಬಾದೇವಿಯಿಂದ ಬರಲಿ, ಪರೇಲಿನಿಂದ ಬರಲಿ, ಮಾತು ತುಳುವಿನಲ್ಲೋ ಕನ್ನಡದಲ್ಲೋ ಕ್ಷೇಮಸಮಾಚಾರದಿಂದ ಶುರುವಾಗಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ: "ಹೇಗಾದರೂ ಮಾಡಿ ನಮ್ಮ ಸಿ-1 ಅನ್ನು ಸಿ-2 ಮಾಡಿಸಿ ಕೊಡಿ ಸರ್."

ಇವು ಕಟ್ಟಡದ ಸ್ಥಿತಿಗೆ ಕೊಡುವ ದರ್ಜೆಗಳು. ಸಿ-1 ಎಂದರೆ ಕೂಡಲೇ ಖಾಲಿ ಮಾಡಿ ಕೆಡವಬೇಕಾದ್ದು. ಸಿ-2ಎ ಆದರೆ ಭಾಗಶಃ ಖಾಲಿ ಮಾಡಿ ದೊಡ್ಡ ರಿಪೇರಿ, ಸಿ-2ಬಿ ಆದರೆ ಒಳಗಿದ್ದುಕೊಂಡೇ ರಿಪೇರಿ, ಸಿ-3ಕ್ಕೆ ಸಣ್ಣಪುಟ್ಟ ತೇಪೆ ಸಾಕು. ಲ್ಯಾಬಿನವನ ಕೈಕಾಲು ಹಿಡಿದು ರಿಪೋರ್ಟಿನಲ್ಲಿ ಸಕ್ಕರೆ ಕಡಿಮೆ ಬರೆಸಿಕೊಂಡರೆ ಮೈಯೊಳಗಿನ ಸಕ್ಕರೆ ಇಳಿಯುತ್ತದೆಯೇ? ಇಷ್ಟು ಹೇಳಿದರೆ ಫೋನಿನ ಆ ತುದಿಯವರಿಗೆ ಅರ್ಥವಾಗುತ್ತದೆ. ಆದರೂ ಕೇಳುತ್ತಾರೆ. ಯಾಕೆಂದರೆ ಅವರಿಗಿರುವುದು ಕಟ್ಟಡದ ಭಯವಲ್ಲ. ಅದು ತಿಳಿಯಲು ನನಗೇ ಸುಮಾರು ವರ್ಷ ಹಿಡಿಯಿತು.

ಹೋದ ವರ್ಷ ಗಿರಗಾಂವದ ಒಂದು ಚಾಳಿನ, ಅಂದರೆ ಒಂಟಿಕೋಣೆಯ ಖೋಲಿಗಳ ವಠಾರದ, ಮೂರನೇ ಮಾಳಿಗೆಯಲ್ಲಿದ್ದೆ. ತೇಗದ ಕಂಬ, ತೇಗದ ತೊಲೆ, ನಡುವೆ ಇಟ್ಟಿಗೆ, ನೆಲಕ್ಕೆ ಸುಣ್ಣದ ಗಾರೆ. ಇಂಥ ಕಟ್ಟಡಗಳು ನೂರು ವರ್ಷ ನಿಲ್ಲುವುದಕ್ಕೇ ಹುಟ್ಟಿದವು, ಒಣಗಿದ್ದರೆ ಇನ್ನೂ ನಿಲ್ಲುತ್ತವೆ. ಕುಂದಾಪುರದ ಕಡೆಯ ಒಬ್ಬ ತಾಯಿ ಸ್ಟೀಲಿನ ಲೋಟದಲ್ಲಿ ಕಾಫಿ ತಂದಿಟ್ಟರು. ನಾನು ಸಣ್ಣ ಸುತ್ತಿಗೆಯಿಂದ ಗೋಡೆ ತಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಬಿಟ್ಟುಕೊಂಡಲ್ಲಿ ಡಬ್ ಎನ್ನುತ್ತದೆ. ಕೋಣೆಯೊಳಗಿನ ಬಚ್ಚಲಾದ ಮೋರಿಯ ಪಕ್ಕಕ್ಕೆ ಬಂದಾಗ ತೊಲೆಯ ತುದಿಗೆ ಸ್ಕ್ರೂ ಡ್ರೈವರ್ ಒತ್ತಿದೆ. ಬಾಳೆಹಣ್ಣಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು. ಎಳೆದಾಗ ಕಂದು ಹುಡಿ ಉದುರಿ ಕಾಫಿಯ ಮೇಲೆ ಕೂತಿತು. ಹೊರಗೆ ಕಾಣುವ ತೊಲೆಗೆ ಎಣ್ಣೆಬಣ್ಣ ಬಳಿದು ಲಕಲಕ ಹೊಳೆಯುತ್ತಿತ್ತು, ಭಾರ ಹೊರುವ ತುದಿ ಗೋಡೆಯೊಳಗೆ ಎಷ್ಟೋ ವರ್ಷಗಳ ಮೋರಿ ನೀರು ಕುಡಿದು ಗೊಬ್ಬರವಾಗಿತ್ತು.

ಆ ತಾಯಿ ಅದನ್ನು ನೋಡಿದರು. ಏನೂ ಮಾತಾಡದೆ ಕಾಫಿ ಬದಲಿಸಿ ತಂದರು. ಆಮೇಲೆ ಮೆಲ್ಲಗೆ ಕೇಳಿದರು: "ಬಿಟ್ಟು ಹೋದರೆ ಮತ್ತೆ ಒಳಗೆ ಬಿಡುತ್ತಾರಾ?"

ನಾನು ಈ ಅಂಕಣ ಬರೆಯುತ್ತಿರುವುದು ಈ ಒಂದು ಪ್ರಶ್ನೆಗಾಗಿ.

ಜನ ತಿಳಿದುಕೊಂಡಿರುವುದು ಹೀಗೆ: ಮನೆಯೊಳಗೆ ಮೈ ಇದ್ದರೆ ಹಕ್ಕು, ಬೀಗ ಹಾಕಿ ಹೊರಬಂದರೆ ಹಕ್ಕು ಹೋಯಿತು, ಕಟ್ಟಡ ನೆಲಕ್ಕೆ ಬಿದ್ದರೆ ಬಾಡಿಗೆದಾರಿಕೆಯೂ ಅದರ ಜೊತೆ ಮಣ್ಣಾಯಿತು. ಅದಕ್ಕೇ ಮಕ್ಕಳನ್ನು ದೂರದ ಡೊಂಬಿವಲಿಗೆ ಕಳಿಸಿ ಮುದುಕರು ಮಾತ್ರ ಖೋಲಿ ಕಾಯುತ್ತಾ ಕೂರುತ್ತಾರೆ. ತೆಂಗಿನತೋಟ ಕಾಯುವ ಹಾಗೆ.

ಹಾಗಿಲ್ಲ ಸ್ವಾಮಿ. ನಾನು ವಕೀಲನಲ್ಲ, ನಿಮ್ಮ ಕಾಗದಪತ್ರ ನೋಡದೆ ಖಚಿತ ಮಾತು ಕೊಡಲಾರೆ. ಆದರೆ ವಕೀಲರ ಪಕ್ಕದಲ್ಲಿ ಕೂತು ಕೂತು ಇಷ್ಟು ಬಲ್ಲೆ. 2014ರಲ್ಲಿ ಸಾಂಗ್ಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟವಾಗಿ ಹೇಳಿತು: ಪಾಲಿಕೆ ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆದಾರಿಕೆ ಅಳಿಯುವುದಿಲ್ಲ, ಕೆಳಗಿನ ನೆಲ ಇರುವತನಕ ಅದು ಉಳಿಯುತ್ತದೆ. ಅದೇ ವರ್ಷ ಬಾಂಬೆ ಹೈಕೋರ್ಟು ಅಪಾಯಕಾರಿ ಕಟ್ಟಡಗಳ ಬಗ್ಗೆ ಪಾಲಿಕೆಗೆ ಕಟ್ಟಳೆ ಹಾಕಿಕೊಟ್ಟಿತು. ಕೆಡವುವ ಮುಂಚೆ ಒಳಗಿರುವವರ ಪಟ್ಟಿ ಮಾಡಬೇಕು, ಯಾರ ಸ್ವಾಧೀನದಲ್ಲಿ ಎಷ್ಟು ಜಾಗವಿದೆ ಎಂದು ಅಳೆದು ದಾಖಲಿಸಬೇಕು. ಅಂದರೆ ನೀವು ಹೊರಟುಹೋದ ಮೇಲೆ ನಿಮ್ಮ ಪರವಾಗಿ ಖೋಲಿಯೊಳಗೆ ಕೂರುವುದು ಆ ಕಾಗದ. ನಿಮ್ಮ ಮೈ ಅಲ್ಲಿ ಇರಬೇಕಾಗಿಲ್ಲ.

ಇನ್ನೊಂದು ಸಲ ಹೇಳುತ್ತೇನೆ, ಬೇಸರಿಸಬೇಡಿ. ಪಾಲಿಕೆ ಕಾಯಿದೆಯ 354ನೇ ಕಲಮಿನ ನೋಟಿಸು ಬಾಗಿಲಿಗೆ ಅಂಟಿಸಿದರೆ ಅದು "ಇಲ್ಲಿಂದ ಏಳಿ, ಇದು ಬೀಳುತ್ತದೆ" ಎನ್ನುತ್ತದೆ. "ಇದು ನಿಮ್ಮದಲ್ಲ" ಎಂದು ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ನೋಟಿಸನ್ನು ಒಪ್ಪಿ ಖಾಲಿ ಮಾಡುವುದು ಒಂದು. ಮಾಲೀಕ ಚಾಚಿದ ಕಾಗದಕ್ಕೆ "ಜಾಗ ಬಿಟ್ಟುಕೊಟ್ಟೆ" ಎಂದು ಸಹಿ ಹಾಕುವುದು ಇನ್ನೊಂದು. ಸೋಜಿಗವೆಂದರೆ ಮೊದಲನೆಯದಕ್ಕೆ ಹೆದರಿ ವರ್ಷಗಟ್ಟಲೆ ಪ್ರಾಣ ಪಣಕ್ಕಿಡುವವರೇ ಎರಡನೆಯದಕ್ಕೆ ಓದದೆ ಸಹಿ ಹಾಕುತ್ತಾರೆ. ಆ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇತ್ತು, ತಂದವನು ಒಳ್ಳೆಯ ಮಾತಾಡಿದ, ಮುಗಿಯಿತು.

ಹಾಗಾದರೆ ಹಿಡಿದುಕೊಳ್ಳಬೇಕಾದ್ದು ಏನು? ಬಾಡಿಗೆ ರಸೀದಿ. ಅದೂ ಈಗ ಬದುಕಿರುವವರ ಹೆಸರಿಗೆ ಬಂದಿರುವ ರಸೀದಿ. ತಂದೆ ತೀರಿಕೊಂಡು ಇಪ್ಪತ್ತು ವರ್ಷವಾದರೂ ರಸೀದಿ ಅವರ ಹೆಸರಲ್ಲೇ ಬರುತ್ತಿದೆ ಎನ್ನುವವರು, ನೋಟಿಸಿಗೆ ಕಾಯದೆ ಈ ತಿಂಗಳೇ ವಕೀಲರನ್ನು ಕಾಣಿ. ಪಗಡಿ, ಅಂದರೆ ಬಾಡಿಗೆ ಹಕ್ಕಿಗಾಗಿ ಒಂದೇ ಸಲದ ದೊಡ್ಡ ಮೊತ್ತ, ಕೊಟ್ಟು ಬಂದವರು ವರ್ಗಾವಣೆಯ ಕಾಗದ ಹುಡುಕಿ ಇಡಿ. ಬಾಡಿಗೆದಾರನಿಂದ ಒಳಬಾಡಿಗೆಗೆ ಬಂದವರ ವಿಷಯ ಬೇರೆ, ಅವರಿಗೆ ಇಷ್ಟು ಧೈರ್ಯ ಹೇಳಲಾರೆ. ಲೈಟ್ ಬಿಲ್ಲು, ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲವೂ ಜೊತೆಗಿರಲಿ. ಪಾಲಿಕೆಯವರು ಅಳೆಯಲು ಬಂದ ದಿನ ಮಾತ್ರ ಯಾವ ಮದುವೆ, ಯಾವ ಕೋಲ, ಯಾವ ಕಂಬಳ ಇದ್ದರೂ ಊರಿಗೆ ಹೋಗಬೇಡಿ. ಬೀಗ ಹಾಕಿದ ಖೋಲಿಯ ಮುಂದೆ ಗುಮಾಸ್ತ ಏನು ಬರೆದುಕೊಳ್ಳುತ್ತಾನೆ ಎನ್ನುವುದು ಅವನಿಗೂ ದೇವರಿಗೂ ಗೊತ್ತು.

ಇನ್ನು ಎರಡನೇ ರಿಪೋರ್ಟಿನ ಹುಚ್ಚು. ಮಾಲೀಕ ಒಬ್ಬ ಎಂಜಿನಿಯರನ್ನು ಹಿಡಿದು ಸಿ-1 ತರುತ್ತಾನೆ, ಬಾಡಿಗೆದಾರರು ಇನ್ನೊಬ್ಬನಿಂದ ಸಿ-2ಬಿ ತರುತ್ತಾರೆ. ಎರಡೂ ಮಾರುಕಟ್ಟೆಯಲ್ಲಿ ಸಿಗುತ್ತವೆ, ನಮ್ಮ ವೃತ್ತಿಗೆ ಇದು ಗೌರವ ತರುವ ಮಾತಲ್ಲ. ಒಮ್ಮೆ ನನ್ನ ಕೈಗೆ ಬಂದ ರಿಪೋರ್ಟಿನಲ್ಲಿ ಕಾಂಕ್ರೀಟಿನ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರಿನ ಮೂರು ಪುಟ ಅಂಕಿಗಳಿದ್ದವು. ಕಟ್ಟಡದಲ್ಲಿ ಒಂದು ಹಿಡಿ ಕಾಂಕ್ರೀಟೂ ಇರಲಿಲ್ಲ, ಪೂರ್ತಿ ತೇಗ ಮತ್ತು ಇಟ್ಟಿಗೆ! ರಿಪೋರ್ಟುಗಳು ಒಂದಕ್ಕೊಂದು ಹೊಂದದಿದ್ದರೆ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಯ ಮುಂದೆ ಹೋಗುತ್ತವೆ. ಅದು ನ್ಯಾಯವಾದ ವ್ಯವಸ್ಥೆ. ಮಾಲೀಕನ ರಿಪೋರ್ಟು ಸುಳ್ಳೆಂದು ನಿಮಗೆ ನಿಜವಾಗಿ ಅನುಮಾನವಿದ್ದರೆ, ಅಂಥ ಸುಳ್ಳನ್ನು ನಾನೂ ಕಂಡಿದ್ದೇನೆ, ಖಂಡಿತ ಹೋಗಿ. ಆದರೆ ಸಮಿತಿ ತೀರ್ಮಾನಿಸುವವರೆಗಿನ ತಿಂಗಳುಗಳಲ್ಲಿ ಜೂನ್, ಜುಲೈ, ಆಗಸ್ಟ್ ಬಂದರೆ ತೊಲೆ ಕಾಯುವುದಿಲ್ಲ. 2017ರ ಆಗಸ್ಟ್ 31ರಂದು ಭೆಂಡಿ ಬಜಾರಿನ ಹುಸೇನಿ ಬಿಲ್ಡಿಂಗು ಬಿದ್ದು 33 ಜನ ಸತ್ತರು. 2011ರಲ್ಲೇ ಅದನ್ನು ಅಪಾಯಕಾರಿ ಎಂದು ಸಾರಿದ್ದರು. ಕೆಲವು ಮನೆಯವರು ಮುಂಚೆಯೇ ಬೇರೆಡೆ ಹೋಗಿದ್ದರು, ಕೆಲವರು ಉಳಿದಿದ್ದರು.

ಜನರನ್ನಷ್ಟೇ ಬೈದು ಕೈ ತೊಳೆದುಕೊಳ್ಳಲಾರೆ. ಈ ಕಟ್ಟಡಗಳನ್ನು ಈ ಸ್ಥಿತಿಗೆ ತಂದದ್ದರಲ್ಲಿ ಕಾನೂನಿನ ಪಾಲೂ ಇದೆ. 1947ರ ಬಾಡಿಗೆ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಮೊಳೆ ಹೊಡೆದು ನಿಲ್ಲಿಸಿತು. ಇವತ್ತೂ ಎಷ್ಟೋ ಖೋಲಿಗಳ ತಿಂಗಳ ಬಾಡಿಗೆಗೆ ಕೆಳಗಿನ ಹೋಟೆಲಿನಲ್ಲಿ ಎರಡು ಮಸಾಲೆದೋಸೆ ಬರುವುದಿಲ್ಲ. ಮಾಲೀಕ ರಿಪೇರಿ ಮಾಡಲಿಲ್ಲ, ಕಟ್ಟಡಗಳು ಬೀಳತೊಡಗಿದವು. 1969ರಲ್ಲಿ ದುರಸ್ತಿ ಮಂಡಳಿಯ ಕಾಯಿದೆ ಬಂತು: ದ್ವೀಪನಗರದ, ಅಂದರೆ ಮೂಲ ಮುಂಬಯಿಯ, ಹಳೆಯ ಕಟ್ಟಡಗಳಿಂದ ಸೆಸ್ ಎಂಬ ತೆರಿಗೆ ಎತ್ತಿ ಅದರಲ್ಲಿ ರಿಪೇರಿ. ಆಗ ಅಂಥ ಕಟ್ಟಡಗಳು 19,642. ಎತ್ತಿದ ಸೆಸ್ಸಿನಿಂದ ಇಡೀ ಕಟ್ಟಡ ಗಟ್ಟಿಯಾಗಲಿಲ್ಲ, ಆಸರೆ ಕಂಬ ನಿಲ್ಲಿಸುವಷ್ಟಾಯಿತು. ಮರಾಠಿಯಲ್ಲಿ ಅದಕ್ಕೆ ಟೇಕು ಎನ್ನುತ್ತಾರೆ, ನಮ್ಮ ಭಾಷೆಯಲ್ಲಿ ಊರುಗೋಲು. ಒಂದು ಮಳೆಗಾಲಕ್ಕೆಂದು ಕೊಟ್ಟ ಊರುಗೋಲಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಅದರಡಿಯಲ್ಲಿ ಎರಡು ತಲೆಮಾರು ಆಡಿ ಬೆಳೆದದ್ದನ್ನು ನೋಡಿದ್ದೇನೆ.

ನಮ್ಮ ಕೈಯಾರೆ ಮಾಡಿಕೊಂಡದ್ದೂ ಕಡಿಮೆಯಿಲ್ಲ. ತಾರಸಿ ಸೋರಿತೆಂದು ಹಳೆಯ ಪದರ ತೆಗೆಯದೆ ಮೇಲೆ ಇನ್ನೊಂದು ಪದರ ಇಟ್ಟಿಗೆ ಚೂರಿನ ಕೋಬಾ ಹಾಕಿಸುತ್ತಾರೆ. ಹತ್ತು ಸೆಂಟಿಮೀಟರ್ ಕೋಬಾ ಎಂದರೆ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ 200 ಕಿಲೋ. ನಾನು ನಾಲ್ಕು ಪದರ ಎಣಿಸಿದ ತಾರಸಿ ಇದೆ. ಮುದುಕನ ತಲೆಯ ಮೇಲೆ ಛತ್ರಿ ಹಿಡಿಯುತ್ತೇವೆಂದು ಅಕ್ಕಿ ಮೂಟೆ ಹೊರಿಸಿದ ಹಾಗೆ. ಇನ್ನು ಪೈಪಿನ ಸಂದಿಯಲ್ಲಿ ಹುಟ್ಟಿದ ಅಶ್ವತ್ಥ. ಕಡಿಯಲು ಯಾರಿಗೂ ಮನಸ್ಸು ಬಾರದು, ಅದಕ್ಕೆ ಕುಂಕುಮ ಬೇರೆ. ದೇವರ ಮರ ಗೋಡೆಯೊಳಗೆ ಬೇರು ಬಿಟ್ಟರೆ ದೇವರೂ ಹಿಡಿದು ನಿಲ್ಲಿಸಲಾರ. ಚಿಕ್ಕದಿರುವಾಗ ಬೇರುಸಮೇತ ತೆಗೆದು ಕುಂಡದಲ್ಲಿ ನೆಡಿ, ಪುಣ್ಯ ಹಾಗೇ ಇರುತ್ತದೆ.

"ಹೊರಗೆ ಹೋದವರು ಟ್ರಾನ್ಸಿಟ್ ಕ್ಯಾಂಪಿನ ತಾತ್ಕಾಲಿಕ ಮನೆಯಲ್ಲೇ ಮುದುಕರಾದರಲ್ಲ?" ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆಗಿದ್ದಾರೆ. ಹಕ್ಕು ಉಳಿಯುತ್ತದೆ ಎಂದರೆ ಮನೆ ಬೇಗ ಸಿಗುತ್ತದೆ ಎಂದಲ್ಲ. ಈ ತಡಕ್ಕೆ ಮದ್ದೆಂದು ಮ್ಹಾಡಾ ಕಾಯಿದೆಗೆ 79ಎ ಕಲಮು ಸೇರಿಸಿದ್ದಾರೆ: ಮಾಲೀಕನಿಗೆ ಆರು ತಿಂಗಳು, ಅವನು ಪ್ರಸ್ತಾವ ತರದಿದ್ದರೆ ಬಾಡಿಗೆದಾರರ ಸೊಸೈಟಿಗೆ ಆರು ತಿಂಗಳು, ಆಮೇಲೆ ಮ್ಹಾಡಾವೇ ಕೈಗೆ ತೆಗೆದುಕೊಳ್ಳಬಹುದು. ಅದರಡಿ ಕೊಟ್ಟ ನೋಟಿಸುಗಳು ಕೋರ್ಟಿನ ಮೆಟ್ಟಿಲೇರಿವೆ, ಹಾಗಾಗಿ ಅದನ್ನು ನೆಚ್ಚಿಕೊಂಡು ಇವತ್ತೇ ಲೆಕ್ಕ ಹಾಕಬೇಡಿ. ಆದರೆ ಸೊಸೈಟಿ ಎನ್ನುವುದನ್ನು ಕಟ್ಟಿಡಿ. ಒಂದು ಚಾಳಿನಲ್ಲಿ ಗಣಪತಿಗೆ ಎರಡು ಮಂಡಲ, ಮೂರು ವಾಟ್ಸಾಪ್ ಗುಂಪು. ಸೊಸೈಟಿಗೆ ಮಾತ್ರ ಏಳು ಜನ ಸೇರುವುದಿಲ್ಲ.

2025ರ ಆಗಸ್ಟಿನಲ್ಲಿ ವರಳಿಯ ಬಿಡಿಡಿ ಎಂಬ ಹಳೆಯ ಸರಕಾರಿ ಚಾಳಿನವರಿಗೆ ಹೊಸದಾಗಿ ಕಟ್ಟಿದ 556 ಮನೆಗಳ ಕೀಲಿ ಕೊಟ್ಟಾಗಿನಿಂದ ನನಗೆ ಹೊಸ ತಲೆನೋವು. 160 ಚದರಡಿಯ ಖೋಲಿಯವರು 500 ಚದರಡಿಗೆ ಹೋದರು, ನೋಡಿ ನನಗೂ ಸಂತೋಷವಾಯಿತು. ಈಗ ಪ್ರತಿಯೊಬ್ಬರೂ "ನಮಗೂ ಐನೂರು" ಎನ್ನುತ್ತಾರೆ. ಅಲ್ಲಿ ನೆಲ ಸರಕಾರದ್ದು, ಕಟ್ಟಿಸಿದ್ದು ಮ್ಹಾಡಾ. ನಿಮ್ಮದು ಖಾಸಗಿ ಮಾಲೀಕನ ಸೆಸ್ ಕಟ್ಟಡ. ಇದರ ನಿಯಮದಲ್ಲಿ ವಾಸದ ಖೋಲಿಗೆ ಕನಿಷ್ಠ 27.88 ಚದರ ಮೀಟರ್, ಅಂದರೆ 300 ಚದರಡಿ ಕಾರ್ಪೆಟ್ ಏರಿಯಾ (ಗೋಡೆಗಳ ನಡುವಿನ ಜಾಗ). ಚಿಕ್ಕ ಖೋಲಿಯವರಿಗೆ ಅದಕ್ಕಿಂತ ಹೆಚ್ಚು ಸಿಕ್ಕರೆ ಅದು ಬಹುಮಟ್ಟಿಗೆ ಮಾತುಕತೆಯ ಜಾಣತನ.

ಕುಂದಾಪುರದ ಆ ತಾಯಿಯ ಚಾಳಿಗೆ ಕೊನೆಗೆ ಅಳತೆಯವರು ಬಂದರು. ನಾನೂ ಹೋಗಿದ್ದೆ. ಎರಡನೇ ಮಾಳಿಗೆಯಲ್ಲಿ ಒಬ್ಬ ಹಿರಿಯರು, ಹುಡುಗನಾಗಿದ್ದಾಗ ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು, ಮಂಚದಡಿಯಿಂದ ತಗಡಿನ ಪೆಟ್ಟಿಗೆ ಎಳೆದರು. 1958ರಿಂದ ಮೊದಲ್ಗೊಂಡು ರಸೀದಿಗಳು, ವರ್ಷಕ್ಕೊಂದು ಕಟ್ಟು, ಹೋಟೆಲಿನವರು ಪೊಟ್ಟಣ ಕಟ್ಟುವ ಬಿಳಿ ನೂಲಿನಲ್ಲಿ. ಅಷ್ಟು ಅಚ್ಚುಕಟ್ಟಿನ ದಾಖಲೆ ನಾನು ಸರಕಾರಿ ಕಚೇರಿಯಲ್ಲೂ ಕಂಡಿಲ್ಲ. ಟೇಪು ಹಿಡಿದ ಹುಡುಗ ದೇವರ ಮಂಟಪ ಅಡ್ಡವಿದ್ದ ಮೂಲೆಯನ್ನು ಬಿಟ್ಟು ಅಳೆದ. ಹಿರಿಯರು ಒಪ್ಪಲಿಲ್ಲ.

"ಅಜ್ಜ, 171 ಚದರಡಿ ಆದರೂ 173 ಆದರೂ ನಿಮಗೆ ಸಿಗುವುದು ಮುನ್ನೂರೇ" ಎಂದೆ.

"ಇರಲಿ ಮಾರಾಯ್ರೆ, ಅಳೆಯಿರಿ" ಎಂದರು. ಮಂಟಪ ಸರಿಸಿದರು. ಹಿಂದೆ ಗೋಡೆಯಲ್ಲಿ ಅರವತ್ತು ವರ್ಷದ ದೀಪದ ಮಸಿ, ಸುತ್ತಲೂ ಇನ್ನೆಲ್ಲಿಯೂ ಉಳಿದಿರದ ಹಳೆಯ ನೀಲಿ ಸುಣ್ಣ. ಹುಡುಗ ಟೇಪಿನ ತುದಿಯನ್ನು ಆ ಮಸಿಗೆ ಒತ್ತಿ ಹಿಡಿದ. ನಾನು ಓದಿ ಹೇಳಿದೆ, ಗುಮಾಸ್ತ ಬರೆದುಕೊಂಡ.