ಹೆದೆಯ ಮೇಲಿನ ನಾನೂರು ಸುತ್ತು

ಸಕಲೇಶಪುರದ ಕಡೆ ಜುಲೈ ಮಳೆ ಹಿಡಿದರೆ ಒಗೆದ ಬಟ್ಟೆ ವಾರವಾದರೂ ಒಣಗದು. ಅಂಥ ಹವೆಯಲ್ಲಿ ನೈಲಾನ್ ದಾರ ಸುತ್ತಿದ ಬಿಲ್ಲಿನ ಹೆದೆಯನ್ನು ಎರಡು ಬೆರಳಲ್ಲಿ ಹಿಡಿದು ನೂಕಿ ನೋಡಿ: ಬೇಸಿಗೆಯಲ್ಲಿ ಕಚ್ಚಿಕೊಂಡಿದ್ದ ಸುತ್ತು ಕೂದಲೆಳೆಯಷ್ಟು ಜಾರಬಹುದು. ನೈಲಾನ್ ತೇವ ಹೀರಿ ಮೆತ್ತಗಾಗುತ್ತದೆ, ಹಿಗ್ಗುತ್ತದೆ. ಇಂದಿನ ಹೆದೆಯ ಪಾಲಿಎಥಿಲೀನ್ ಎಳೆಗಳಿಗೆ ನೀರು ಅಂಟುವುದಿಲ್ಲ. ಒಳಗಿನದು ಇದ್ದ ಹಾಗೇ ಇದ್ದು, ಮೇಲಿನ ಹೊದಿಕೆ ಮಾತ್ರ ಸಡಿಲವಾಗುತ್ತದೆ. ಹಾಗೆಂದು ಎಲ್ಲವನ್ನೂ ಮಳೆಯ ತಲೆಗೆ ಕಟ್ಟುವಂತಿಲ್ಲ. ಸುತ್ತುವಾಗಲೇ ಬಿಗಿ ತಪ್ಪಿದ್ದರೆ ಸುಡುಬಿಸಿಲಲ್ಲೂ ಅದು ಜಾರುತ್ತದೆ.

ಬಾಣದ ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿಯ ಸೀಳು) ಕೂರುವಲ್ಲಿ, ಬೆರಳು ತಾಗುವಲ್ಲಿ ಎಳೆಗಳು ಸವೆಯದಂತೆ ಸುತ್ತುವ ಈ ದಾರಕ್ಕೆ ಬಿಲ್ಲುಗಾರರು ಸರ್ವಿಂಗ್ ಎನ್ನುತ್ತಾರೆ. ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನ ಹೆದೆಯ ನಡುವೆ ಸುಮಾರು 18 ಸೆಂ.ಮೀ. ಉದ್ದಕ್ಕೆ 0.45 ಮಿ.ಮೀ. ದಪ್ಪದ ದಾರ ಸುತ್ತಿದರೆ 400 ಸುತ್ತು ಬೀಳುತ್ತವೆ; ಎರಡೂವರೆ ಮೀಟರಿಗಿಂತ ತುಸು ಹೆಚ್ಚು ದಾರ ಸಾಕು. ಒಂದೊಂದು ಸುತ್ತೂ ಗಾಡಿಯ ಚಕ್ರಕ್ಕೆ ಹಾಕಿದ ಕಬ್ಬಿಣದ ಪಟ್ಟಿಯಂತೆ ಒಳಗಿನ ಎಳೆಗಳನ್ನು ಅಮುಕುತ್ತದೆ. ದಾರದ ಎಳೆತವನ್ನು ಸುತ್ತಿನ ತ್ರಿಜ್ಯದಿಂದಲೂ ದಾರದ ದಪ್ಪದಿಂದಲೂ ಭಾಗಿಸಿದರೆ ಈ ಒತ್ತಡ ಸಿಗುತ್ತದೆ. 2 ಕೆ.ಜಿ. ಎಳೆತ, 1 ಮಿ.ಮೀ. ತ್ರಿಜ್ಯ ಇಟ್ಟುಕೊಂಡರೆ ಅದು ವಾತಾವರಣದ ಒತ್ತಡದ 400 ಪಟ್ಟಿಗೂ ಹೆಚ್ಚು. ಪಕ್ಕದ ಸುತ್ತು ಬಿದ್ದಂತೆ ಎಳೆಗಳು ಇನ್ನಷ್ಟು ಒತ್ತಿಕೊಂಡು ಹಿಂದಿನ ಸುತ್ತು ಸ್ವಲ್ಪ ಸಡಿಲಗೊಳ್ಳುವುದರಿಂದ ಕೊನೆಗೆ ಉಳಿಯುವುದು ಇದಕ್ಕಿಂತ ಕಡಿಮೆ. ಆದರೂ ಮೇಣದಂತೆ ನುಣುಪಾದ ಪಾಲಿಎಥಿಲೀನ್ ಮೇಲೆ ದಾರ ನಿಲ್ಲುವುದು ಈ ಒತ್ತಡದಿಂದಲೇ, ಅಂಟಿನಿಂದಲ್ಲ.

ಸುತ್ತುವ ಮೊದಲು ಹೆದೆಯನ್ನೇ ಎಳೆದು ಬಿಗಿದಿರಬೇಕು. ಬಿಗಿ ಏರಿದಂತೆ ಎಳೆಗಳು ಒತ್ತಾಗಿ ಕೂತು ಹೆದೆ ಸಣ್ಣಗಾಗುತ್ತದೆ. ಸಡಿಲ ಹೆದೆಗೆ ಎಷ್ಟೇ ಗಟ್ಟಿಯಾಗಿ ಸುತ್ತಿ, ಬಿಲ್ಲಿಗೇರಿಸಿದೊಡನೆ ಒಳಗಿನದು ಕುಗ್ಗಿ ಸುತ್ತು ಸಡಿಲವಾಗುತ್ತದೆ. ರಿಕರ್ವ್ ಹೆದೆಯನ್ನು, ಎರಡೂ ತುದಿ ಹಿಡಿದು ಬಿಗಿಯುವ ಚೌಕಟ್ಟಾದ ಜಿಗ್‌ನಲ್ಲಿ 45 ಕೆ.ಜಿ. ಆಸುಪಾಸು ಎಳೆದಿಟ್ಟು ಸುತ್ತುವುದು ರೂಢಿ. ಕಾಫಿ ಹಣ್ಣು ತೂಗುವ 100 ಕೆ.ಜಿ.ಯ ನೇತಾಡುವ ತಕ್ಕಡಿಯನ್ನು ಜಿಗ್‌ನ ಒಂದು ತುದಿಗೆ ಕಟ್ಟಿದರೆ ಈ ಅಳತೆಗೆ ಧಾರಾಳ ಸಾಕು.

ಇನ್ನು ದಾರದ ಬಿಗಿ. ಎಡವುವುದು ಇಲ್ಲೇ. ದಾರದ ಉರುಳೆಯನ್ನು ಹಿಡಿದಿರುವ ಪುಟ್ಟ ಸಾಧನದಲ್ಲಿ ಒಂದು ಸ್ಪ್ರಿಂಗ್, ಒಂದು ನಟ್ ಇರುತ್ತವೆ. ನಟ್ ತಿರುಗಿಸಿದರೆ ಉರುಳೆಗೆ ಬ್ರೇಕ್ ಬೀಳುತ್ತದೆ. ಕಳೆದ ಬಾರಿ ಚೆನ್ನಾಗಿ ಬಂತೆಂದು ನಟ್ ಮುಟ್ಟದೆ ಹೊಸ ಹೆದೆಗೆ ಸುತ್ತುವವರೇ ಬಹಳ. ಆದರೆ ನಟ್ ಹಿಡಿದಿಡುವುದು ಉರುಳೆ ತಿರುಗಲು ಬೇಕಾದ ತಿರುಚುಬಲವನ್ನು, ದಾರದ ಎಳೆತವನ್ನಲ್ಲ. ತುಂಬಿದ ಉರುಳೆಯ ತ್ರಿಜ್ಯ 15 ಮಿ.ಮೀ. ಇದ್ದಾಗ ಎಳೆತ 2 ಕೆ.ಜಿ. ಎಂದುಕೊಳ್ಳಿ. ದಾರ ಖರ್ಚಾಗಿ ತ್ರಿಜ್ಯ 10 ಮಿ.ಮೀ.ಗೆ ಇಳಿದಾಗ ಅದೇ ನಟ್, ಅದೇ ಸ್ಪ್ರಿಂಗ್, ಎಳೆತ ಮಾತ್ರ 3 ಕೆ.ಜಿ.! ಒಂದು ಹೆದೆಗೆ ಹೋಗುವ ಎರಡೂವರೆ ಮೀಟರಿನಲ್ಲಿ ಈ ವ್ಯತ್ಯಾಸ ಕೈಗೆ ತಿಳಿಯದು. ಮೊದಲ ಹೆದೆಗೂ ಇಪ್ಪತ್ತನೆಯದಕ್ಕೂ ನಡುವೆ ಬಂದಿರುತ್ತದೆ.

ಆದ್ದರಿಂದ ಪ್ರತಿ ಹೆದೆಗೂ ಮುಂಚೆ ಅಳೆಯಿರಿ. ದಾರ ಎಂದಿನ ದಾರಿಯಲ್ಲೇ, ಅಂದರೆ ಸಾಧನದ ರಂಧ್ರಗಳ ಮೂಲಕವೇ ಹೊರಬರಲಿ. ತುದಿಗೆ ಗಂಟು ಹಾಕಿ ಲಗೇಜ್ ತೂಗುವ ಸಣ್ಣ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. ಉರುಳೆ ಮೊದಲು ಅಲುಗುವಾಗ ಕಾಣುವ ಅಂಕಿ ಬೇಡ, ಅದು ಯಾವಾಗಲೂ ಹೆಚ್ಚೇ. ಒಂದೇ ಸಮ ತಿರುಗುತ್ತಿರುವಾಗಿನ ಅಂಕಿ ಬರೆದುಕೊಳ್ಳಿ. ಈ ದಪ್ಪದ ಹೆಣೆದ ದಾರಕ್ಕೆ 2 ಕೆ.ಜಿ.ಯಿಂದ ಶುರು ಮಾಡಿ, ಜಾರಿದರೆ ಕಾಲು ಕಾಲು ಕೆ.ಜಿ. ಏರಿಸುತ್ತ ಹೋಗುವುದು ಲೇಸು.

ಬಿಗಿ ಕಡಿಮೆಯಾದರೆ ಸುತ್ತುಗಳು ಒಂದನ್ನೊಂದು ಬಿಟ್ಟು ಸಂದು ಬೀಳುತ್ತವೆ, ಬಾಣ ಕೂರಿಸುವ ಗುರುತು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಹೆಚ್ಚಾದರೆ ಕೇಡು ಬೇರೆ ಬಗೆಯದು: ಪ್ರತಿ ಸುತ್ತೂ ಹೆದೆಯನ್ನೇ ತನ್ನ ಕಡೆ ತಿರುಚುತ್ತದೆ. ಸುತ್ತುವ ಮುಂಚೆ ಹೆದೆಯ ಉದ್ದಕ್ಕೂ ಪೆನ್ನಿನಿಂದ ನೇರ ಗೆರೆ ಎಳೆದಿಡಿ. ಸುತ್ತಿದ ಭಾಗದ ಎರಡೂ ಬದಿ ಗೆರೆ ನೇರವಾಗಿಲ್ಲದೆ ಬಳ್ಳಿಯಂತೆ ಸುರುಳಿಯಾದರೆ ಎಳೆತ ಮೀರಿತೆಂದೇ ಅರ್ಥ. ಸುತ್ತು ಮುಗಿಯುವ ಅಂಚಿನಲ್ಲಿ ಎಳೆಗಳು ಹಿಸುಕಿದಂತೆ ಕಂಡರೂ ಹಾಗೆಯೇ. ಸುತ್ತುವ ದಿಕ್ಕು ಹೆದೆಯ ಹುರಿಯ ದಿಕ್ಕೇ ಆಗಿರಲಿ. ದಾರದ ಮೊದಲ ತುದಿಯನ್ನು ಹತ್ತು ಹನ್ನೆರಡು ಸುತ್ತಿನ ಅಡಿಯಲ್ಲಿ ಹೂತುಬಿಡಿ. ಕೊನೆಯ ತುದಿಗೂ ಹಿಮ್ಮುಖವಾಗಿ ಅಷ್ಟೇ ಸುತ್ತು ಸುತ್ತಿ ಒಳಗೆಳೆದುಕೊಳ್ಳಿ. ಅಲ್ಲಿ ಬಿಗಿ ಕೊಡುವುದು ಸಾಧನವಲ್ಲ, ನಿಮ್ಮ ಕೈ, ಹಾಗಾಗಿ ಬಿಚ್ಚಿಕೊಳ್ಳಲು ಶುರುವಾಗುವುದೂ ಹೆಚ್ಚಾಗಿ ಅಲ್ಲಿಂದಲೇ.

ಬಿಲ್ಲಿಗೇರಿಸಿದ ಮೇಲೆ ನಾಕ್ ಸಿಕ್ಕಿಸಿ ಬಾಣವನ್ನು ನೇತುಹಾಕಿ. ಅದು ತಾನಾಗಿ ಬೀಳಬಾರದು, ಹೆದೆಗೆ ಬೆರಳಿಂದ ಮೆಲ್ಲಗೆ ತಟ್ಟಿದರೆ ಬೀಳಬೇಕು. ತಟ್ಟಿದರೂ ಬೀಳದಿದ್ದರೆ ಬಿಗಿ ಇಳಿಸಲು ಹೋಗಬೇಡಿ, ದಾರವನ್ನು ಒಂದು ಅಳತೆ ತೆಳ್ಳಗಿನದಕ್ಕೆ ಬದಲಿಸಿ. ಮೂವತ್ತು ನಲವತ್ತು ಬಾಣ ಬಿಟ್ಟು ಮತ್ತೆ ಎರಡು ಬೆರಳಲ್ಲಿ ನೂಕಿ ನೋಡಿ. ಮಲೆನಾಡಿನಲ್ಲಿದ್ದರೆ ಮಳೆಗಾಲ ಹಿಡಿದ ಮೇಲೆ ಇನ್ನೊಂದು ಸಲ.